ಟವಲು ಕೊಡವಿದ ಮೇಲೆ

ಹಳೆಯ ಕಾರು ಕೊಳ್ಳಲು ಹೋದವರು ಬಾಗಿಲು ತೆಗೆಯುವ ಮೊದಲು, ಸೀಟಿನಲ್ಲಿ ಕೂರುವ ಮೊದಲು, ಮಾರುವವನು ಕೊಟ್ಟ ಚಹಾ ಕುಡಿಯುವ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಬೇಕು. ತಣ್ಣಗಿದ್ದರೆ ಮಾತು ಮುಂದುವರಿಸಿ. ಬಿಸಿ ಇದ್ದರೆ, ನೀವು ಬರುವ ಮೊದಲೇ ಯಾರೋ ಅದನ್ನು ಎಬ್ಬಿಸಿದ್ದಾರೆ. ಯಾಕೆ ಎಬ್ಬಿಸಿದಿರಿ ಎಂದು ಕೇಳಬೇಡಿ, ನಿಜ ಹೇಳುವುದಿಲ್ಲ. ಊಟ ಮಾಡಿ ಬರುತ್ತೇವೆ ಎಂದು ಹೇಳಿ ಹೊರಟುಬಿಡಿ. ಮರುದಿನ ಬೆಳಿಗ್ಗೆ ಹೇಳದೆ ಕೇಳದೆ ಬಂದು ನಿಲ್ಲಿ.

ನಾನೂ ಅಂಗೈ ಇಟ್ಟಿದ್ದೆ. ಬಿಸಿ ಇತ್ತು. ಲಿಂಗಸುಗೂರಿನ ಬಿಸಿಲು ಅಂದುಕೊಂಡೆ.

ನನ್ನ ಕಸುಬು ದಲ್ಲಾಳಿಕೆ. ಬಳಗಾನೂರಿನಲ್ಲಿ ಮಂದಿಯ ಕುರಿ ಕಾಯುತ್ತಿದ್ದವನು ದನದ ಸಂತೆಗೆ ಬಿದ್ದೆ, ಅಲ್ಲಿಂದ ಎದ್ದು ಸಿಂಧನೂರಿನಲ್ಲಿ ಸ್ವಂತ ಮನೆ ಕಟ್ಟಿದೆ. ಎತ್ತು, ಎಮ್ಮೆ, ಭತ್ತದ ಹುಲ್ಲು, ಊರ ಹೊರಗಿನ ಪ್ಲಾಟು, ಯಾವುದನ್ನೇ ಆಗಲಿ ಕೊಳ್ಳುವವನ ಪರವಾಗಿ ನಿಂತು ದರ ಇಳಿಸುವುದು ನನ್ನ ಕೆಲಸ. ಶಾಲೆ ನನಗೆ ಹೆಚ್ಚು ಕಲಿಸಲಿಲ್ಲ, ಟವಲು ಕಲಿಸಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ದನದ ಸಂತೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಇಬ್ಬರೂ ಒಂದು ಟವಲಿನ ಕೆಳಗೆ ಕೈ ಕೂಡಿಸುತ್ತೇವೆ. ಬೆರಳು ಹಿಡಿದರೆ ದರ ಏರಿತು, ಬೆರಳು ಮಡಚಿದರೆ ಇಳಿಯಿತು. ಸುತ್ತ ಎಷ್ಟು ಜನ ಕಣ್ಣು ಬಿಟ್ಟುಕೊಂಡು ನಿಂತಿದ್ದರೂ ದರ ಆ ಎರಡು ಕೈಗಳಿಗೆ ಮಾತ್ರ ಗೊತ್ತು. ಒಪ್ಪಿಗೆಯಾದರೆ ಟವಲು ಕೊಡವಿ ಹೆಗಲಿಗೆ ಹಾಕಿಕೊಳ್ಳಬೇಕು. ಕೊಡವಿದ ಮೇಲೆ ಎತ್ತು ಅಲ್ಲೇ ಕುಂಟಿ ಬಿದ್ದರೂ ಅದು ಕೊಂಡವನದು. ಈ ಮಾತನ್ನು ನಾನು ಎಷ್ಟೋ ರೈತರ ಮುಖದ ಮೇಲೆ ಹೇಳಿದ್ದೇನೆ. ಕೆಲವರು ಅತ್ತರು, ಕೆಲವರು ನನ್ನ ತಾಯಿಯನ್ನು ಬೈದರು. ಎತ್ತನ್ನು ಮಾತ್ರ ಯಾರೂ ವಾಪಸ್ ಕೊಟ್ಟಿಲ್ಲ.

ನಮ್ಮ ಓಣಿಯಲ್ಲಿ ಒಬ್ಬ ಮಾಸ್ತರರಿದ್ದಾರೆ. ಹೆಡ್‌ಮಾಸ್ತರರಾಗಿ ರಿಟೈರ್ ಆದವರು. ನನ್ನನ್ನು ದೋಸ್ತ ಎಂದು ಕರೆಯುವ ಒಬ್ಬನೇ ಓದಿದ ಮನುಷ್ಯ. ಮನೆಯ ಪಡಸಾಲೆಯಲ್ಲಿ ಬುದ್ಧನ ಮೂರ್ತಿ, ಅದರ ಕೆಳಗೆ ಹೊರಸು, ಹೊರಸಿನ ಮೇಲೆ ಅವರ ತಂದೆ. ತಾತನಿಗೆ ವಯಸ್ಸೆಷ್ಟೆಂದು ತಾತನಿಗೂ ಗೊತ್ತಿಲ್ಲ. ಕಾಲು ಸೋತಿದ್ದವು, ಒಂದು ಕಣ್ಣಿಗೆ ಪೊರೆ ಬಂದಿತ್ತು, ನಾಲಿಗೆಗೆ ಏನೂ ಆಗಿರಲಿಲ್ಲ.

ತಾತ ಹರೆಯದಲ್ಲಿ ಲಿಂಗಸುಗೂರಿನ ಒಂದು ವಾಡೆಯಲ್ಲಿ ಜೀತಕ್ಕಿದ್ದವನು. ಆ ವಾಡೆಯ ಧಣಿ ಒಂದು ಅಂಬಾಸಿಡರ್ ತಂದಿದ್ದ. ದಿನಾ ಬೆಳಿಗ್ಗೆ ಬಾವಿಯಿಂದ ನೀರು ಸೇದಿ ಅದನ್ನು ತೊಳೆಯುವುದು ತಾತನ ಕೆಲಸ. ಹೊರಗಿನಿಂದ ಮಾತ್ರ. ಒಳಗಿನ ಸೀಟು ಒರೆಸಲು ಬೇರೆ ಜಾತಿಯ ಆಳಿದ್ದ. ಒಂದು ದಿನ ತೆರೆದಿದ್ದ ಬಾಗಿಲಲ್ಲಿ ತಲೆ ಹಾಕಿ ಒಳಗೆ ನೋಡಿದನೆಂದು ಧಣಿ ಅದೇ ಬಕೀಟಿನಿಂದ ಹೊಡೆದಿದ್ದ. ಹುಬ್ಬಿನ ಮೇಲೆ ಇವತ್ತಿಗೂ ಗುರುತಿದೆ. ಆಮೇಲೆ ಕಾಲುವೆ ನೀರು ಬಂದು ಜವಳಗೇರಾ ಕಡೆ ಭತ್ತದ ಗದ್ದೆಗಳಲ್ಲಿ ಕೂಲಿ ಸಿಗತೊಡಗಿದಾಗ ತಾತ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಓಡಿಬಂದ. ಮಗ ಓದಿ ಮಾಸ್ತರನಾದ.

ಆ ಮಗನಿಗೆ ಒಂದೇ ಹುಚ್ಚು. ಅದೇ ಕಾರು ಕೊಳ್ಳಬೇಕು, ಅಪ್ಪನನ್ನು ಹಿಂದಿನ ಸೀಟಿನಲ್ಲಿ ಕೂರಿಸಬೇಕು. ಅಪ್ಪ ಇರುವಷ್ಟರಲ್ಲಿ.

ಹಳೆಯ ಕಾರುಗಳನ್ನು ಷೋಕಿಗೆ ಕೊಂಡು ಇಟ್ಟುಕೊಳ್ಳುವ ಮಂದಿ ಈಗ ಹೆಚ್ಚಾಗಿದ್ದಾರಲ್ಲ, ವಾಡೆಯವರೂ ಆ ಕಾರಿಗೆ ಹೊಸ ಬಣ್ಣ ಬಳಿದು ಮೊಬೈಲಿನಲ್ಲಿ ಮಾರಾಟಕ್ಕೆ ಹಾಕಿದ್ದರು. ಮಾಸ್ತರರು ಫೋಟೊ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಅವರಿಗೆ ಕಾರು ಓಡಿಸಲು ಬರುತ್ತಿತ್ತು, ಬಾನೆಟ್ಟಿನ ಕೆಳಗೆ ಏನಿದೆ ಗೊತ್ತಿರಲಿಲ್ಲ. ನನಗೆ ಓಡಿಸಲೂ ಬರುತ್ತಿರಲಿಲ್ಲ.

"ಒಬ್ಬ ಮೆಕ್ಯಾನಿಕ್ಕನ್ನ ಕರ್ಕೊಂಡು ಹೋಗೋಣೇನು ದೋಸ್ತ?" ಎಂದರು.

"ಮೆಕ್ಯಾನಿಕ್ ಎರಡೂ ಕಡೆ ಕಮಿಷನ್ ತಿಂತಾನ್ರೀ. ನಾ ತಿಂದಿಲ್ಲೇನು? ನಾ ಅದೀನಲ್ಲ, ಸುಮ್ನ ಬರ್ರಿ. ಆದ್ರ ಒಂದು ಮಾತು. ಅಲ್ಲಿ ನೀವು ಬಾಯಿ ಬಿಡಂಗಿಲ್ಲ. ಕೊಳ್ಳಾವ ಮಾತಾಡಿದ್ರ ಅವನ ಆಸಿ ಹೊರಗ ಬೀಳ್ತದ. ಆಸಿ ಕಂಡ್ರ ದರ ಏರ್ತದ."

ಅವರು ತಲೆಯಾಡಿಸಿದರು. ಇಷ್ಟು ವರ್ಷ ಮಕ್ಕಳ ಬಾಯಿ ಮುಚ್ಚಿಸಿದ ಮನುಷ್ಯ ನನ್ನ ಮುಂದೆ ಬಾಯಿ ಮುಚ್ಚಿದ.

ವಾಡೆಯ ಅಂಗಳದಲ್ಲಿ ಕಾರು ಮಿರಮಿರ ಮಿಂಚುತ್ತಿತ್ತು. ಈಗಿನ ಧಣಿ ಹಳೆಯ ಧಣಿಯ ಹಿರಿಯ ಮಗ, ನಮ್ಮ ವಯಸ್ಸಿನವನೇ. ಮಾಸ್ತರರು ಕುಲುಕಲು ಕೈ ಮುಂದೆ ಚಾಚಿದರು. ಇವರು ಯಾರ ಮಗನೆಂದು ಮೊದಲೇ ವಿಚಾರಿಸಿಕೊಂಡಿದ್ದ ಧಣಿ ತನ್ನ ಗಡಿಯಾರದ ಬೆಲ್ಟು ಸರಿಮಾಡಿಕೊಳ್ಳತೊಡಗಿದ. ಚಾಚಿದ ಕೈ ಸ್ವಲ್ಪ ಹೊತ್ತು ಗಾಳಿಯಲ್ಲಿದ್ದು ಮಾಸ್ತರರ ಜೇಬಿಗೆ ಹೋಯಿತು.

ನಾನು ಎತ್ತು ನೋಡಿದ ಹಾಗೆಯೇ ಕಾರನ್ನು ನೋಡಿದೆ. ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ. ಟೈರು ಗೊರಸಿನ ಲೆಕ್ಕ, ಹೊಸವಿದ್ದವು. ಮುಂದಿನ ಜಾಲರಿ ಹಲ್ಲಿನ ಲೆಕ್ಕ, ಒಂದೂ ಮುರಿದಿರಲಿಲ್ಲ. ಬಾನೆಟ್ಟು ಬೆನ್ನಿನ ಲೆಕ್ಕ, ಸವರಿದೆ, ಬಿಸಿಯಾಗಿತ್ತು. ಧಣಿ ಕೀಲಿ ತಿರುವಿದ, ಒಂದೇ ಏಟಿಗೆ ಗುರ್ ಎಂದಿತು. ಅಂಗಳದಲ್ಲಿ ಓಡಿಸಿ ತೋರಿಸಿದ, ನಡಿಗೆಯಲ್ಲಿ ಕುಂಟು ಕಾಣಲಿಲ್ಲ.

ಇಲ್ಲೇ ನೋಡಿ ನಾನು ಕೆಟ್ಟಿದ್ದು. ಮೊಣಕಾಲು ಹಿಡಿದ ಎತ್ತು ಬೆಳಿಗ್ಗೆ ಎದ್ದಾಗ ಕುಂಟುತ್ತದೆ, ಒಂದಿಷ್ಟು ದೂರ ನಡೆದ ಮೇಲೆ ಕಾಲು ಬಿಸಿಯಾಗಿ ನೆಟ್ಟಗೆ ನಡೆಯುತ್ತದೆ. ಅಂಥ ಎತ್ತನ್ನು ನಸುಕಿನಲ್ಲೇ ನಡೆಸಿಕೊಂಡು ಸಂತೆಗೆ ತರಬೇಕು, ಮಲಗಲು ಬಿಡಬಾರದು. ಈ ವಿದ್ಯೆಯನ್ನು ಸಂತೆಯಲ್ಲಿ ನನ್ನಷ್ಟು ಬಲ್ಲವರಿರಲಿಲ್ಲ. ಆದರೂ ಕಾರಿಗೂ ಮೊಣಕಾಲಿರುತ್ತದೆ ಎಂದು ನನ್ನ ತಲೆಗೆ ಹೊಳೆಯಲಿಲ್ಲ.

ನಾನು ಹೆಗಲ ಮೇಲಿನ ಟವಲು ತೆಗೆದೆ. ಧಣಿ ನಕ್ಕ. "ಇದೇನು ಎತ್ತೇನೋ ದಲ್ಲಾಳಿ?" ಎಂದ. ಆದರೆ ಕೈ ಕೊಟ್ಟ. ಯಾಕೆ ಕೊಟ್ಟನೆಂದು ನನಗೆ ಗೊತ್ತು. ಕಟ್ಟೆಯ ಮೇಲೆ ಅವನ ತಮ್ಮ ಕೂತಿದ್ದ. ಪಾಲಾಗದ ಆಸ್ತಿಯ ಕಾರು. ನಿಜವಾದ ದರ ತಮ್ಮನ ಕಿವಿಗೆ ಬೀಳುವುದು ಅಣ್ಣನಿಗೆ ಬೇಕಿರಲಿಲ್ಲ. ಮಾರುವವನ ಮನೆಯಲ್ಲಿ ಬಿರುಕೆಲ್ಲಿದೆ ಎಂದು ಮೊದಲು ನೋಡಿಕೊಳ್ಳಿ, ದರ ಅಲ್ಲಿಂದಲೇ ಸೋರುತ್ತದೆ.

ಟವಲಿನ ಒಳಗೆ ಅವನು ನನ್ನ ನಾಲ್ಕು ಬೆರಳು ಹಿಡಿದ. ನಾನು ಒಂದನ್ನು ಬಿಡಿಸಿಕೊಂಡೆ. ಅವನು ಮತ್ತೆ ಹಿಡಿದ. ಹೀಗೆ ಎಳೆದಾಟ ನಡೆದಿರುವಾಗ ಧಣಿ ಮಾಸ್ತರರ ಕಡೆ ತಿರುಗಿದ.

"ಏನಪಾ ಮಾಸ್ತರ, ನಿಮ್ಮಪ್ಪ ಇನ್ನೂ ಅದಾನೇನು?"

ಮಾಸ್ತರರು ನನ್ನ ಮಾತಿನಂತೆ ಬಾಯಿ ಬಿಡದೆ ಹೌದೆಂದು ತಲೆಯಾಡಿಸಿದರು.

"ಹಂಗಾರ ಚೊಲೋ ಆತು ಬಿಡು. ತೊಳಿಯಾಕ ಆಳು ಹುಡುಕೋದು ಉಳೀತು ನಿನಗ."

ಕಟ್ಟೆಯ ಮೇಲಿನ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ, ಧಣಿಯೂ ನಕ್ಕ. ಮಾಸ್ತರರ ಕತ್ತಿನ ನರ ಎದ್ದು ನಿಂತಿತು. ಅವರು ನನ್ನ ಕಡೆ ನೋಡಿದರು. ನಾನು ಕಣ್ಣಲ್ಲೇ ಬೇಡ ಎಂದೆ, ಟವಲಿನ ಒಳಗೆ ಒಂದು ಬೆರಳು ಮಡಚಿದೆ. ನಗುವಾಗ ಮನುಷ್ಯನ ಹಿಡಿತ ಸಡಿಲಾಗುತ್ತದೆ. ಧಣಿ ಮತ್ತೆ ಆ ಬೆರಳು ಹಿಡಿಯಲಿಲ್ಲ. ಆ ಒಂದು ಮಾತಿಗೆ ಒಂದು ಬೆರಳು ಕಡಿಮೆಯಾಯಿತು. ಹೆಚ್ಚು ಓದಿದವರು ಇದನ್ನು ಹೇಸಿಗೆ ಎನ್ನಬಹುದು. ಬೈಸಿಕೊಂಡದ್ದು ಹೇಗೂ ಬೈಸಿಕೊಂಡಾಗಿತ್ತು. ಅದಕ್ಕೆ ದರ ಕಟ್ಟದೆ ಬಿಟ್ಟಿದ್ದರೆ ಮಾಸ್ತರರಿಗೆ ಎರಡು ಲುಕ್ಸಾನು.

ಟವಲು ಕೊಡವಿದೆ. ಇಂಜಿನ್ ಇನ್ನೂ ಓಡುತ್ತಲೇ ಇತ್ತು. ಧಣಿ ಬಾಗಿಲ ತನಕ ಬಂದು ಪ್ರೀತಿಯಿಂದ ಹೇಳಿದ: "ನಡುವ ಎಲ್ಲೂ ನಿಲ್ಲಸಬ್ಯಾಡ್ರಿ. ಹಳೇ ಗಾಡಿ, ಓಟದಾಗ ಭಾಳ ಚೊಲೋ ಇರ್ತೈತಿ." ಎಂಥ ಒಳ್ಳೆಯ ಮನುಷ್ಯ ಅಂದುಕೊಂಡೆವು. ಮಸ್ಕಿಯಲ್ಲಿ ಚಹಾಕ್ಕೂ ನಿಲ್ಲದೆ ಸಿಂಧನೂರು ಮುಟ್ಟಿದೆವು.

ಮರುದಿನ ಬೆಳಿಗ್ಗೆ ಕಾರು ಏಳಲಿಲ್ಲ. ಕೀಲಿ ತಿರುವಿದರೆ ಮುದಿ ಎಮ್ಮೆ ಕೆಮ್ಮಿದಂತೆ ಕೆಮ್ಮಿ ಸುಮ್ಮನಾಗುತ್ತಿತ್ತು. ಓಣಿಯವರೆಲ್ಲ ಸೇರಿ ನೂಕಿದ ಮೇಲೆ ಕರಿ ಹೊಗೆ ಕಾರಿ ಎದ್ದಿತು. ಮೆಕ್ಯಾನಿಕ್ ಬಂದು ನೋಡಿ, ಬಾಗಿಲ ಕೆಳಭಾಗಕ್ಕೆ ಒಂದು ಅಯಸ್ಕಾಂತದ ತುಂಡು ಹಿಡಿದ. ಅದು ಅಂಟದೆ ಕೆಳಗೆ ಬಿತ್ತು. ಅಲ್ಲಿ ತಗಡು ಇರಲಿಲ್ಲ, ಬರೀ ಪುಟ್ಟಿಯ ಲಪ್ಪ ಮೆತ್ತಿ ಮೇಲೆ ಬಣ್ಣ ಬಳಿದಿದ್ದರು. ನೀವೂ ಒಂದು ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿಕೊಂಡೇ ಹೋಗಿ. ಕಾಲಡಿಯ ಚಾಪೆಯನ್ನೂ ಎತ್ತಿ ನೋಡಿ. ನಮ್ಮದನ್ನು ಎತ್ತಿದಾಗ ಕೆಳಗೆ ರೋಡು ಕಾಣಿಸಿತು.

"ಯಾರ್ರೀ ಮಾಸ್ತರ ಇದನ್ನ ಕೊಡ್ಸಿದ್ದು?" ಎಂದ ಮೆಕ್ಯಾನಿಕ್.

ಮಾಸ್ತರರು ನನ್ನನ್ನು ತೋರಿಸಿದರು.

"ಎತ್ತಿನ ದಲ್ಲಾಳಿನಾ? ಹಂಗಾರ ಚಿಂತಿಲ್ಲ ಬಿಡ್ರಿ. ಮುಂದ ಎರಡು ಎತ್ತು ಕಟ್ರಿ, ಓಡ್ತೈತಿ."

ಓಣಿಯಲ್ಲಿ ನನಗೆ 'ಕಾರಿನ ಹಲ್ಲು ಎಣಿಸಿದಾವ' ಎಂದು ಹೆಸರು ಬಿದ್ದದ್ದು ಅಂದೇ. ಇಂಜಿನ್ನಿನ ಶಕ್ತಿಯೇ ಹೋಗಿದೆ, ಹೊಸದಾಗಿ ಮಾಡಿಸುವುದಾದರೆ ಮನೆಯ ಮೇಲೆ ಇನ್ನೊಂದು ಮನೆ ಕಟ್ಟಿದಷ್ಟು ಖರ್ಚು ಎಂದ ಮೆಕ್ಯಾನಿಕ್. ನಾನು ಧಣಿಗೆ ಫೋನು ಹಚ್ಚಿದೆ, ಕಾರು ವಾಪಸ್ ತಗೊಳ್ಳಿ ಎಂದೆ. ಅತ್ತಲಿಂದ ನಗು ಕೇಳಿಸಿತು.

"ಸಂತಿ ವ್ಯಾಪಾರ ಮಾಡಿದಾವ ನೀನಾ ಅಲ್ಲೇನೋ? ಟವಲ್ ಕೊಡವಿದ ಮ್ಯಾಲ ಎತ್ತು ಯಾರದು? ನೀನಾ ಹೇಳು."

ನಾನು ಫೋನು ಇಟ್ಟೆ. 

ಇಷ್ಟಾಗುವಾಗ ತಾತನಿಗೆ ಯಾರೂ ಏನೂ ಹೇಳಿರಲಿಲ್ಲ. ಮಾಸ್ತರರು ಹೊಸ ಧೋತ್ರ ಉಡಿಸಿ, ಕೈಹಿಡಿದು ಹೊರಗೆ ತಂದು, "ಅಪ್ಪಾ, ಯಾವ ಕಾರು ಹೇಳು ನೋಡಣ" ಎಂದರು. ತಾತ ಒಂದೇ ಕಣ್ಣಿನಿಂದ ನೋಡಿದ. ಮುಂದಿನ ದೀಪದ ಬಳಿ ಬೆರಳಾಡಿಸಿದ. ಕಣ್ಣೀರು ಬರುತ್ತದೆ ಎಂದು ನಾನು ಕಾದೆ.

"ಮುದುಕಿಗೆ ಅರಿಷಿಣ ಹಚ್ಚ್ಯಾರ" ಎಂದ ತಾತ. "ಎಷ್ಟು ಕೊಟ್ಟಿ ಲೇ ಮಾಸ್ತರ? ಬ್ಯಾಡ, ಹೇಳಬ್ಯಾಡ. ನಿನ್ನ ಓದಸಾಕ ನಾ ಕೊಟ್ಟಿದ್ದು ನೆನಪಾಗಿ ಹೊಟ್ಟಿ ಉರೀತೈತಿ."

ಮಾಸ್ತರರು ಹಿಂದಿನ ಬಾಗಿಲು ತೆಗೆದು ಹಿಡಿದರು. "ಕುಂದ್ರಪಾ."

"ಇಲ್ಲಿ ಯಾಕ ಕುಂದ್ರಲಿ? ಇಲ್ಲಿ ಕುಂತ್ರ ಅದೂ ಒಂದು ಹೊರಸು. ಕುಂದ್ರಸ್ತಿದ್ರ ವಾಡೇದ ಮುಂದ ಕುಂದ್ರಸು. ಆಗೋದಿಲ್ಲಂದ್ರ ಒಳಗ ನಡಿ, ಹೊಸ ಧೋತ್ರ ಹೊಲಸಾಕೈತಿ."

ಮಾಸ್ತರರ ಮುಖ ಬಿಳಿಚಿತು. ಓಣಿಯ ಮೂಲೆ ದಾಟದ ಕಾರನ್ನು ಮಸ್ಕಿ ದಾಟಿಸಿ ಲಿಂಗಸುಗೂರಿಗೆ ಒಯ್ಯಬೇಕು. ತಾತನ ಉಸಿರು ಆಗಲೇ ರಾತ್ರಿಯಲ್ಲಿ ಗೊರಗೊರ ಎನ್ನುತ್ತಿತ್ತು, ಮುಂದಿನ ಸುಗ್ಗಿಗೆ ಇರುತ್ತಾನೋ ಇಲ್ಲವೋ. ಮಾಸ್ತರರು ಮೆಕ್ಯಾನಿಕ್ಕನ ಕೈಕಾಲು ಹಿಡಿದರು. ಅವನು ಅಲ್ಲಿ ಇಲ್ಲಿ ಬಿಗಿದು, ಚಾಪೆಯ ಕೆಳಗೆ ಒಂದು ತಗಡು ಹೊಡೆದು ಹೇಳಿದ: "ನೂಕಿ ಎಬ್ಬಸ್ರಿ, ಹೋಗ್ರಿ, ಬರ್ರಿ. ಈಗ ಬಿಸಿ ಇದ್ರೂ ಕೀಲಿಗೆ ಏಳೂದಿಲ್ಲ, ಇಂಜಿನ್ ಬಂದ್ ಮಾಡಿದ್ರ ಅಲ್ಲೇ ಮಣ್ಣು ಮಾಡಿ ಬರ್ರಿ."

ಒಂದು ಬೆಳಿಗ್ಗೆ ಹೊರಟೆವು. ಮಾಸ್ತರರು ಸ್ಟೇರಿಂಗ್ ಹಿಡಿದರು, ಪಕ್ಕದಲ್ಲಿ ನಾನು, ಹಿಂದಿನ ಸೀಟಿನ ನಡುವೆ ತಾತ. ದಾರಿಯುದ್ದಕ್ಕೂ ತಾತ ಎರಡೂ ಅಂಗೈಯನ್ನು ಸೀಟಿನ ಮೇಲೆ ಊರಿ ಕೂತಿದ್ದ. ಮಸ್ಕಿ ಗುಡ್ಡ ಹಿಂದೆ ಸರಿದಾಗ ಒಮ್ಮೆ ಮಾತ್ರ, "ಇಷ್ಟು ಮೆತ್ತಗ ಐತೇನು" ಎಂದ. ಬೈದನೋ ಹೊಗಳಿದನೋ ತಿಳಿಯಲಿಲ್ಲ.

ಯೋಜನೆ ಏನೆಂದರೆ, ವಾಡೆಯ ಮುಂದೆ ಮೆಲ್ಲಗೆ ಹಾಯ್ದು, ನಿಲ್ಲದೆ, ಹಾಗೇ ತಿರುಗಿ ಬರುವುದು. ಓಣಿ ಇಕ್ಕಟ್ಟು. ವಾಡೆಯ ಬಾಗಿಲ ನೇರಕ್ಕೆ ಬಂದಾಗ ತಾತ ಮಗನ ಹೆಗಲಿಗೆ ಬಡಿದ.

"ನಿಲ್ಸು. ಹಾರ್ನ್ ಹೊಡಿ."

ಆ ಕಾರಿನಲ್ಲಿ ಕೆಡದೆ ಉಳಿದದ್ದು ಹಾರ್ನ್ ಒಂದೇ. ಧಣಿ ಹೊರಗೆ ಬಂದ, ಹಿಂದೆ ಅವನ ತಮ್ಮ. ಇಬ್ಬರೂ ಬಿಳಿ ಇಸ್ತ್ರಿ ಅರಿವೆ ತೊಟ್ಟು ಅತ್ತರು ಹಚ್ಚಿದ್ದರು. ಬಳಗದ ಯಾವುದೋ ಮದುವೆಗೆ ಹೊರಟಿದ್ದರು. ತೆರೆದ ಬಾಗಿಲೊಳಗೆ ಅವರ ಹೊಸ ದೊಡ್ಡ ಗಾಡಿ, ಅದರ ತುಂಬ ರೇಷ್ಮೆ ಸೀರೆಯ ಹೆಣ್ಣುಮಕ್ಕಳು, ಮನೆಯವರು, ಬೀಗರು.

"ಬಂದ್ ಮಾಡು ಇದನ್ನ" ಎಂದ ತಾತ. "ಇದರ ಗದ್ಲದಾಗ ನನ್ನ ಮಾತು ಅವಂಗ ಕೇಳಸೂದಿಲ್ಲ."

ಮಾಸ್ತರರು ನನ್ನ ಕಡೆ ನೋಡಿದರು. ಅಂದು ಅಂಗಳದಲ್ಲಿ ನೋಡಿದ ಹಾಗೆಯೇ. ನಾನು ಬೇಡ ಎಂದು ತಲೆಯಾಡಿಸಿದೆ. ಅವರು ಕನ್ನಡಿಯಲ್ಲಿ ಅಪ್ಪನ ಮುಖ ನೋಡಿದರು, ಕೀಲಿ ತಿರುವಿ ಇಂಜಿನ್ ಬಂದ್ ಮಾಡಿದರು.

ತಾತ ಕಿಟಕಿಯ ಗಾಜು ಇಳಿಸಿಕೊಂಡ. "ಧಣ್ಯಾರ, ನಾ. ಬಾವಿಯಿಂದ ನೀರು ಸೇದ್ತಿದ್ನಲ್ಲ, ಅವ. ನಿಮ್ಮಪ್ಪ ಬಕೀಟಿಲೆ ಹೊಡದಿದ್ದು ಇಲ್ಲೇ, ಇದಾ ಬಾಗಲದಾಗ. ಆವತ್ತು ಅರ್ಧಕ್ಕ ಬಿಟ್ಟಿದ್ದೆ. ಇವತ್ತು ಪೂರಾ ನೋಡೀನಿ ಒಳಗ. ಏನೂ ಇಲ್ಲ. ಬರೀ ಒಂದು ಸೀಟು."

ಧಣಿಯ ಮುಖದ ಬಣ್ಣ ಏರಿ ಇಳಿಯಿತು. ಹೆಣ್ಣುಮಕ್ಕಳು ನೋಡುತ್ತಿದ್ದರು. "ಆತಪಾ, ಕುಂತಿ, ನೋಡಿದ್ವಿ. ಇನ್ನ ದಾರಿ ಬಿಡ್ರಿ, ಮುಹೂರ್ತ ಐತಿ" ಎಂದ.

ಮಾಸ್ತರರು ಕೀಲಿ ತಿರುವಿದರು. ಎಮ್ಮೆ ಕೆಮ್ಮಿತು. ಮತ್ತೆ ತಿರುವಿದರು. ಈ ಸಲ ಕೆಮ್ಮೂ ಇಲ್ಲ.

ಮೊದಲು ನಕ್ಕವನು ಧಣಿಯ ತಮ್ಮ. ಆಮೇಲೆ ಧಣಿ, ಆಮೇಲೆ ಗಾಡಿಯೊಳಗಿನ ಹೆಂಗಸರು. "ಕುಂದ್ರಪಾ ತಾತಾ, ಅಲ್ಲೇ ಕುಂದ್ರು, ನಿನ್ನ ಆಸಿ ತೀರ್ಲಿ!" ಎಂದು ತಮ್ಮ ಕೂಗಿದ. ಮಾಸ್ತರರ ಕಿವಿ ಕೆಂಪಾದವು. ನಾನು ಕೆಳಗಿಳಿದೆ. ಸ್ವಲ್ಪ ಹೊತ್ತಿನಲ್ಲಿ ನಗು ತಾನಾಗಿ ನಿಂತಿತು. ಅಂಬಾಸಿಡರ್ ವಾಡೆಯ ಬಾಗಿಲಿಗೆ ಅಡ್ಡವಾಗಿ, ಬೀಗ ಹಾಕಿದ ಹಾಗೆ ನಿಂತಿತ್ತು. ಅವರ ಗಾಡಿ ಹೊರಗೆ ಬರುವಂತಿರಲಿಲ್ಲ. ಆಳುಗಳನ್ನೆಲ್ಲ ಮದುವೆಯ ಕೆಲಸಕ್ಕೆಂದು ಮುಂದೆಯೇ ಕಳಿಸಿದ್ದರು.

"ಏ ಮುದುಕಾ, ಇಳಿ. ಹಗುರಾಕೈತಿ" ಎಂದ ಧಣಿ.

"ಇಳಿಯೂದಿಲ್ಲ."

"ಇಳಿಯಂದ್ರ ಇಳಿ!"

"ಹೊಡಿ. ಬಕೀಟು ತರಿಸು, ಹೊಡಿ. ಬೀಗರು ನೋಡ್ಲಿ."

ಒಳಗಿನಿಂದ ಧಣಿಯ ಹೆಂಡತಿ, ಹೊತ್ತಾಯಿತೆಂದು ಕೂಗಿದಳು. ಧಣಿ ತಮ್ಮನ ಕಡೆ ನೋಡಿದ, ತಮ್ಮ ಅಣ್ಣನ ಕಡೆ ನೋಡಿದ. ಇಬ್ಬರೂ ಕಾರಿನ ಹಿಂದೆ ಬಂದರು. ನಾನು ನಡುವೆ ನಿಂತೆ. ಹಿಂಬದಿಯ ತಗಡಿನ ಮೇಲೆ ನಮ್ಮ ಅಂಗೈಗಳು ಸಾಲಾಗಿ ಒತ್ತಿಕೊಂಡವು. ಧಣಿಯ ಬೆರಳುಗಳು ನನ್ನ ಬೆರಳಿಗೆ ತಾಗುತ್ತಿದ್ದವು. ಈ ಸಲ ಮೇಲೆ ಟವಲು ಇರಲಿಲ್ಲ, ಇಡೀ ಓಣಿ ನೋಡಿತು.

"ನೀವು ಬರೂ ಮುಂಚೆ ಆವತ್ತೂ ಹಿಂಗಾ ನೂಕಿಸಿದ್ವಿ" ಎಂದು ತಮ್ಮ ಏದುಸಿರು ಬಿಡುತ್ತ ನನ್ನ ಕಿವಿಯಲ್ಲಿ ಹೇಳಿ ಹಲ್ಲು ಕಿರಿದ.

ಒಳಗಿನಿಂದ ತಾತ ಹಿಂದಿನ ಗಾಜಿಗೆ ಬೆರಳಗಂಟಿನಿಂದ ಕುಟ್ಟಿದ. "ಜೋರ್ ಹಾಕ್ರಲೇ! ಉಂಡಿಲ್ಲೇನು?"

ಧಣಿ ಹಲ್ಲು ಕಚ್ಚಿ ನೂಕಿದ. ಓಣಿಯ ಇಳಿಜಾರಿಗೆ ಬಂದಾಗ ಇಂಜಿನ್ ಒದರಿತು. ಕರಿ ಹೊಗೆ ನಮ್ಮ ಮೂವರ ಎದೆಯ ಮೇಲೆ ಬಂದು ಕೂತಿತು. ಧಣಿಯ ಬಿಳಿ ಅಂಗಿ ಹೊಲಿಗೆಯ ಗೆರೆಯೂ ಕಾಣದಂತೆ ಕಪ್ಪಾಯಿತು. ನಿಂತರೆ ಮತ್ತೆ ಸಾಯುತ್ತದೆಂದು ಮಾಸ್ತರರು ನಿಲ್ಲಿಸಲಿಲ್ಲ. ಹಿಂದಿನ ಗಾಜಿನಲ್ಲಿ ತಾತನ ತಲೆ ಅಲುಗದೆ ದೂರ ಹೋಯಿತು, ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ಧಣಿ ಕೆಮ್ಮಿ, ಉಗುಳಿ, ನನ್ನನ್ನು ನೋಡಿದ. "ನಿನ್ನ ಬಿಟ್ಟು ಹೋದ್ರಲ್ಲೋ ದಲ್ಲಾಳಿ" ಎಂದ.

ನಾನು ಬಸ್ಸು ಹಿಡಿದೆ. ಮಸ್ಕಿಯಲ್ಲಿ ಇಳಿದು, ಅಂದು ಕುಡಿಯದೆ ಬಿಟ್ಟ ಚಹಾ ಕುಡಿದು, ಇನ್ನೊಂದು ಬಸ್ಸಿಗೆ ಸಿಂಧನೂರು ಸೇರಿದೆ. ತಾತ ಆಗಲೇ ಹೊರಸಿನ ಮೇಲಿದ್ದ. "ಬಂದ್ಯಾ? ಬಸ್ಸಿನ ಸೀಟು ಮೆತ್ತಗಿತ್ತೇನು?" ಎಂದ. ಅಷ್ಟೇ. ಉಪಕಾರದ ಮಾತು ಆ ಬಾಯಲ್ಲಿ ಇಲ್ಲ.

ಮಗನಿಗೂ ಸಿಗಲಿಲ್ಲ. ಮಾಸ್ತರರಿಗೆ ಆ ಕಾರಿನ ಮೇಲೆ ಮೋಹ ಬೆಳೆದಿತ್ತು. ಮರುದಿನ ಬಕೀಟು, ಅರಿವೆ ತಂದು ಹೊಗೆಯ ಮಸಿ ತೊಳೆಯಲು ನಿಂತರು. ಹೊರಸಿನಿಂದ ತಾತ ಕಿರುಚಿದ ದನಿಗೆ ಓಣಿಯ ನಾಯಿಗಳು ಎದ್ದವು. "ಕೆಳಗ ಇಡು ಬಕೀಟು! ನನ್ನ ಮಗ ಕಾರು ತೊಳಿತಾನಂದ್ರ ನಾ ಇವತ್ತಾ ಸಾಯ್ತೀನಿ!" ಮಾಸ್ತರರು ಬಕೀಟು ಇಟ್ಟರು. ಆಳು ಹಚ್ಚಿ ತೊಳೆಸುತ್ತೇನೆ ಎಂದರು. ಅದಕ್ಕೂ ತಾತ ಒಪ್ಪಲಿಲ್ಲ.

ಈಗ ಕಾರು ಬೇವಿನ ಮರದ ಕೆಳಗೆ ನಿಂತಿದೆ. ಮೇಲೆ ಕಾಗೆಯ ಹಿಕ್ಕೆ, ಭತ್ತದ ಲಾರಿಗಳು ಎಬ್ಬಿಸಿದ ಧೂಳು, ಒಳಗೆ ಕೋಳಿ. ದಿನ ಹೋದಂತೆ ದರ ಇಳಿಯುತ್ತದೆ ಎಂದು ನಾನು ಹೇಳುತ್ತಲೇ ಇದ್ದೇನೆ. ಮೊನ್ನೆ ಬಳ್ಳಾರಿ ಕಡೆಯ ಒಬ್ಬ ಷೋಕಿ ಮನುಷ್ಯನನ್ನು ಕರೆತಂದಿದ್ದೆ. ಅವನಿಗೂ ಮೆಕ್ಯಾನಿಕ್ ಕೆಲಸ ಗೊತ್ತಿರಲಿಲ್ಲ, ಒಳ್ಳೆಯ ಗಿರಾಕಿ. ಬಾನೆಟ್ಟಿನ ಮೇಲೆ ಅಂಗೈ ಇಡುವ ಜಾತಿಯೇ ಅಲ್ಲ. ಒಂದು ಬಕೀಟು ನೀರು ಹಾಕಿದರೆ ಬಣ್ಣ ನೋಡಿ ಈಗಲೇ ಮುಂಗಡ ಕೊಡುತ್ತೇನೆ ಎಂದ.

ನಾನು ತಾತನ ಕಡೆ ನೋಡಿದೆ. ತಾತ ಹೊರಸಿನ ಮೇಲಿಂದ ತಲೆ ಎತ್ತಲಿಲ್ಲ.

"ನನ್ನ ಹರೇವೆಲ್ಲ ಅದನ್ನ ತೊಳದು ಹೋತು" ಎಂದ. "ಇನ್ನ ಅದು ಹೊಲಸಾಗೇ ಸಾಯ್ಲಿ."

ಗಿರಾಕಿ ಹೋದ. ಮಾಸ್ತರರು ಕಿಟಕಿಯಿಂದ ಕಾರನ್ನು ನೋಡುತ್ತ ನಿಂತಿದ್ದರು. ನಾನು ಟವಲು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದೆ.